ಕಂಬವಿಲ್ಲದ ತಂತಿ

ಆ ಚಳಿಗಾಲದಲ್ಲಿ ಹೆಲಿಕಾಪ್ಟರ್ ಬರುತ್ತಿದ್ದುದು ಅದು ನಾಲ್ಕನೇ ಸಲ. ನನಗೆ ಸುಣ್ಣ ಹಾಕಿ ಹಾಕಿ ಸಾಕಾಗಿತ್ತು. ಬೀಳು ಹೊಲದ ಕಲ್ಲು ಆರಿಸು, ಧೂಳು ಏಳದ ಹಾಗೆ ಟ್ಯಾಂಕರ್ ನೀರು ಹೊಡೆಸು, ನಡುವೆ ದುಂಡಗೆ ಸುಣ್ಣ ಎಳೆ. ಇದು ಲೈನ್‌ಮನ್ ಕೆಲಸ ಅಂತ ಯಾವ ಪುಸ್ತಕದಲ್ಲಿ ಬರೆದಿದೆಯೋ ಗೊತ್ತಿಲ್ಲ. ಕೊನೆಗೆ 'ಸುತ್ತಮುತ್ತ ವಿದ್ಯುತ್ ತಂತಿ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕುವವನೂ ನಾನೇ, ಹೊನ್ನೂರಸ್ವಾಮಿ.

ಬರುವವರು ಸಂಡೂರಿನ ಗಣಿ ಸಾಹುಕಾರರು. ಕಂಪ್ಲಿ ಹತ್ತಿರ ಹೊಳೆದಂಡೆಗೆ ಬಂಗ್ಲೆ ಕಟ್ಟಿಸುತ್ತಿದ್ದರು. ರಸ್ತೆಯಲ್ಲಿ ಬರಬಹುದಿತ್ತು. ಆದರೆ ರಸ್ತೆಯನ್ನು ಅವರದೇ ಅದಿರು ಲಾರಿಗಳು ನುಂಗಿ ನೀರು ಕುಡಿದಿದ್ದವು, ಅದಕ್ಕೆ ಆಕಾಶದ ದಾರಿ ಹಿಡಿದಿದ್ದರು.

ಎರಡನೇ ಸಲ ಬಂದಾಗ ಪೈಲಟ್ ನನ್ನ ಪಕ್ಕ ಬದುವಿನ ಮೇಲೆ ಕೂತಿದ್ದ. ಚಿಕ್ಕ ವಯಸ್ಸು, ದೊಡ್ಡಸ್ತಿಕೆ ಇಲ್ಲದವನು. ಮೇಲಿನಿಂದ ತಂತಿ ಕಾಣುವುದೇ ಇಲ್ಲ, ಕಂಬ ನೋಡಿ ನಡುವೆ ತಂತಿ ಇದೆ ಅಂದುಕೊಳ್ಳುತ್ತೇವೆ ಎಂದು ಅವನೇ ಹೇಳಿದ್ದು. ಗಾಳಿಗೆ ಎದುರಾಗಿ ಇಳಿಯಬೇಕು, ಆದ್ದರಿಂದ ಹೊಗೆ ಯಾವ ಕಡೆ ವಾಲುತ್ತದೋ ಆ ಕಡೆಯಿಂದ ಬರುತ್ತೇನೆ ಎಂದ. ಏನಾದರೂ ತೊಂದರೆ ಇದ್ದರೆ ತಲೆಯ ಮೇಲೆ ಎರಡೂ ಕೈ ಅಡ್ಡಡ್ಡ ಎತ್ತಿ ನಿಲ್ಲು ಎಂದೂ ಕಲಿಸಿದ. ಅಷ್ಟರಲ್ಲಿ ಕಾಲುವೆಯಾಚೆಯ ತನ್ನ ಗದ್ದೆಯಿಂದ ನನ್ನ ಅಕ್ಕ ಜಂಬಕ್ಕ ಅವನಿಗೆ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು.

ಕಂಬವಿಲ್ಲದ ತಂತಿಯೊಂದು ಅಲ್ಲೇ ಇತ್ತು. ಮೂಡಣ ದಿಕ್ಕಿಗೆ, ಕಾಲುವೆಯ ಈ ದಂಡೆಯ ಬೇವಿನ ಮರದಿಂದ ಆ ದಂಡೆಯ ಹುಣಸೆ ಮರಕ್ಕೆ. ಅಲ್ಲಿಂದ ಜಂಬಕ್ಕನ ಪಂಪ್‌ಸೆಟ್ಟಿಗೆ. ಅವಳ ಗದ್ದೆ ಎತ್ತರದಲ್ಲಿದೆ, ಕಾಲುವೆ ನೀರನ್ನು ಎತ್ತಿಯೇ ಹಾಯಿಸಬೇಕು. ನಾಲ್ಕು ಕಂಬಕ್ಕೆ ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ಬಂದ ಕಂಬಗಳೆಲ್ಲ ಅದಿರು ಯಾರ್ಡುಗಳಿಗೆ ಹೋದವು. ತಮ್ಮ ಲೈನ್‌ಮನ್ ಇದ್ದೂ ಗದ್ದೆ ಒಣಗಿತು ಅಂತ ಊರು ಆಡಿಕೊಳ್ಳುವುದು ಬೇಡ ಎಂದು ಆ ತಂತಿ ಕಟ್ಟಿದವನು ನಾನು.

ಮೂರು ಸಲವೂ ಮೂಡಗಾಳಿ ಇತ್ತು. ಹೆಲಿಕಾಪ್ಟರ್ ಪಡುವಣದಿಂದ ಬಂದು ಇಳಿಯಿತು. ಹೋಗುವಾಗ ಮಾತ್ರ ಕಾಲುವೆಯ ಮೇಲೇ ಹಾರಿತು. ನೆಟ್ಟಗೆ ಮೇಲಕ್ಕೆ ಎದ್ದು ಹೋದ್ದರಿಂದ ಬಚಾವ್. ಮೂರು ಸಲವೂ ನಾನು ಉಸಿರು ಬಿಗಿಹಿಡಿದು ನೋಡಿದೆ. ನಾಳೆ ಬಿಚ್ಚಿದರಾಯಿತು ಅಂದುಕೊಂಡೆ. ಭತ್ತ ತೆನೆ ಕಟ್ಟುವ ಹೊತ್ತು, ಬಿಚ್ಚಲು ಮನಸ್ಸು ಬರಲಿಲ್ಲ.

ಆವತ್ತು ಹತ್ತು ಗಂಟೆಗೆ ಒದ್ದೆ ಹುಲ್ಲಿಗೆ ಬೆಂಕಿ ಇಟ್ಟೆ. ಹೊಗೆ ಎದ್ದಿತು, ತುಸು ತಡವರಿಸಿ ಕಾಲುವೆಯ ಕಡೆಗೆ ವಾಲಿತು. ಗಾಳಿ ತಿರುಗಿತ್ತು. ಅಷ್ಟರಲ್ಲಿ ಸದ್ದು ಕೇಳಿಸಿತು. ಹೆಲಿಕಾಪ್ಟರ್ ಊರಿನ ಮೇಲೆ ಒಂದು ಸುತ್ತು ಹಾಕಿ, ಹೊಗೆ ನೋಡಿಕೊಂಡು, ಮೂಡಣದಿಂದ ತಗ್ಗಿ ಬರತೊಡಗಿತು.

ನಾನು ಓಡಿದೆ. ಸುಣ್ಣದ ಮೇಲೆ ನಿಂತು ಎರಡೂ ಕೈ ಅಡ್ಡಡ್ಡ ಎತ್ತಿದೆ.

"ಲೇ, ಹುಚ್ಚು ಹಿಡೀತೇನಲೇ? ಸರಿ ಆ ಕಡೆ," ಎಂದು ನಮ್ಮ ಸೆಕ್ಷನ್ ಆಫೀಸರ್ ಲಿಂಗರಾಜ್ ಕೂಗಿದರು. ನಾನು ಕದಲಲಿಲ್ಲ. ಹೆಲಿಕಾಪ್ಟರ್ ಹುಣಸೆ ಮರದ ಇನ್ನೂ ಆಚೆ ಇರುವಾಗಲೇ ಮೂತಿ ಎತ್ತಿತು, ಮೇಲೇರಿತು, ಸಂಡೂರಿನ ಕಡೆ ಹೊರಳಿ ಹೋಯಿತು.

"ಯಾಕ ಅಡ್ಡ ನಿಂತಿ?"

"ಅಲ್ಲಿ ತಂತಿ ಐತ್ರಿ ಸಾರ್."

"ಇಲ್ಲ ಅಂತ ನೀನ ಸೈನ್ ಮಾಡೀಯಲ್ಲೋ."

"ಹೌದ್ರಿ. ಕಟ್ಟಿದಾಂವನೂ ನಾನ."

ಲಿಂಗರಾಜ್ ಅವರಿಗೆ ಬೈಯುವುದಕ್ಕೂ ಬೇಸರವಾದಂತಿತ್ತು. "ಹೋಗು, ಬಿಚ್ಚು," ಎಂದರಷ್ಟೆ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಅದೇ ನಾನು ಕೊನೆಯದಾಗಿ ಮರ ಹತ್ತಿದ್ದು. ಸಂಜೆಗೆ ಸಸ್ಪೆಂಡ್ ಆದೇಶ ಕೈಗೆ ಬಂತು.

ಎರಡು ವರ್ಷ ಬರದ ಕಂಬಗಳು ನಾಲ್ಕೇ ದಿನಕ್ಕೆ ಬಂದವು. ಜಂಬಕ್ಕನ ಭತ್ತಕ್ಕಲ್ಲ, ಸಾಹುಕಾರರ ಜೀವಕ್ಕೆ. ಮತ್ತೆ ಯಾರೂ ಮರಕ್ಕೆ ತಂತಿ ಕಟ್ಟಬಾರದಲ್ಲ. ಪೈಲಟ್ಟಿಗೆ ಕಾಣಲಿ ಎಂದು ಕೆಂಪು ಬಿಳಿ ಬಣ್ಣ ಬಳಿದು ನೆಟ್ಟರು. ಪಂಪು ಮತ್ತೆ ಓಡಿತು.

ಅಂದು ಮಧ್ಯಾಹ್ನ ಜಂಬಕ್ಕ ರೊಟ್ಟಿ ಬುತ್ತಿ ಹಿಡಿದು ನಮ್ಮ ಮನೆಗೆ ಬಂದಳು. "ನನ್ನ ಸಲುವಾಗಿ ನಿನ್ನ ಕೆಲಸ ಹೋತು," ಎಂದು ಕಣ್ಣೊರೆಸಿಕೊಂಡಳು.

"ಇರಲಿ ಬಿಡಕ್ಕ. ಭತ್ತ ಉಳೀತಲ್ಲ," ಎಂದೆ. ಸಮಾಧಾನಕ್ಕೆ ಗಾಳಿಯ ಕತೆಯನ್ನೂ ಹೇಳಿದೆ. ಮೂರು ಸಲ ಮೂಡಗಾಳಿ ಇತ್ತು, ನಾಲ್ಕನೆಯದಕ್ಕೆ ತಿರುಗಿತು, ಕಂಡಕೂಡಲೇ ಓಡಿದೆ ಎಂದೆ.

ಅವಳು ಬುತ್ತಿ ಬಿಚ್ಚುತ್ತಿದ್ದ ಕೈ ನಿಲ್ಲಿಸಿದಳು.

"ಆ ಹುಡುಗ ನನ್ನ ಕೈಲೆ ಮಜ್ಜಿಗಿ ಕುಡದು ಹೋದ್ನಲ್ಲ. ಆ ತಂತಿಗೆ ಸಿಕ್ರ ಅವನ ಜೀವ ಹೋಗ್ತದಂತ ಅವತ್ತೂ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು," ಎಂದೆ.

ಜಂಬಕ್ಕ ರೊಟ್ಟಿಯನ್ನು ನನ್ನ ಮುಂದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.