ಐದು ಮೀಟರಿನಲ್ಲಿ ಮೂರು ನಿಮಿಷ

ಪರೀಕ್ಷಕಿ ಎರಡನೇ ಸಲ ಹೆಬ್ಬೆರಳು ಮೇಲೆತ್ತಿ ತೋರಿಸಿದರು. ಈಜುಕೊಳದ ತಳದಲ್ಲಿ ಮೊಣಕಾಲೂರಿದ್ದ ಅವನು ಎರಡನೇ ಸಲವೂ ಅಂಗೈ ಅಡ್ಡ ಹಿಡಿದು ತಾಳಿ ಎಂದು ಸನ್ನೆ ಮಾಡಿದ. ಮುಖದ ಕನ್ನಡಕದೊಳಗೆ ನೀರು ತುಂಬಿಸಿ, ಮೂಗಿನಿಂದ ಊದಿ ಹೊರಹಾಕುವ ಪಾಠ ಅರ್ಧಕ್ಕೆ ಬಂದಿತ್ತು. ಇನ್ನು ಅರೆ ನಿಮಿಷ ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಇವತ್ತಿನ ಮಟ್ಟಿಗೆ ಪರೀಕ್ಷಕಿ ಏನೂ ಅರಿಯದ ವಿದ್ಯಾರ್ಥಿನಿ, ಅವನು ಡೈವಿಂಗ್ ಕಲಿಸುವವನು. ಏನಾಯಿತು ಎಂದು ಕೈಯಾಡಿಸಿ ಕೇಳಿದ. ಕಿವಿ ನೋವೇ ಎಂದು ಕಿವಿ ತೋರಿಸಿದ. ಮೂರನೇ ಸಲ ಹೆಬ್ಬೆರಳೆತ್ತಿದ ಮೇಲೆ ಅವರು ಅವನಿಗಾಗಿ ಕಾಯಲಿಲ್ಲ, ತಾವೇ ಮೇಲಕ್ಕೆ ಹೊರಟುಹೋದರು.

ದಡದಲ್ಲಿ ಟವೆಲ್ಲು ಹೊದ್ದು ಕೂತು ಕಾಗದದಲ್ಲಿ ಏನೋ ಗುರುತು ಹಾಕಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಮೇಲೆ ಹೋಗೋಣ ಅಂತ ಯಾರು ಹೇಳಿದ್ರೂ ಅಲ್ಲಿಗೆ ಮುಗೀತು. ನೀವೂ ಹೆಬ್ಬೆರಳು ತೋರಿಸ್ಬೇಕು, ಹೊರಡ್ಬೇಕು. ಯಾಕೆ ಅಂತ ನೀರೊಳಗೆ ಕೇಳೋ ಹಾಗಿಲ್ಲ. ಮೇಲೆ ಬಂದ್ಮೇಲೆ ಬೇಕಾದ್ರೆ ಕೇಳಿ.”

ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ ಇದು. ನೆಲದ ಮೇಲೆ ಭೇಷ್ ಎನ್ನಲು ಎತ್ತುವ ಹೆಬ್ಬೆರಳು ನೀರಿನೊಳಗೆ ‘ಸಾಕು, ಮೇಲೆ ಹೋಗೋಣ’ ಎಂದಾಗುತ್ತದೆ ಎಂಬುದನ್ನು ಮೊದಲ ದಿನವೇ ಕಲಿಸುತ್ತಾರೆ. ಉಳಿದದ್ದೆಲ್ಲ ಪಾಸಾಗಿದೆ, ಇದೊಂದು ಪಾಠಕ್ಕೆ ಮುಂದಿನ ಶನಿವಾರ ಮತ್ತೆ ಬನ್ನಿ ಎಂದರು ಪರೀಕ್ಷಕಿ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವನು ಬೇಜಾರಾಗುವುದನ್ನು ಕಾದ. ಕೊನೆಯ ಗುಂಡಿಯ ತನಕ ಕಾದರೂ ಆಗಲಿಲ್ಲ.

ನಾಲ್ಕು ವರ್ಷದ ಹಿಂದಿನವರೆಗೂ ಅವನು ಲಿಫ್ಟು ರಿಪೇರಿ ಮಾಡುತ್ತಿದ್ದ. ಡೈವಿಂಗ್ ಶಾಲೆಯಲ್ಲಿ ಎಲ್ಲರೂ ಅವನನ್ನು ಲಿಫ್ಟು ಎಂದೇ ಕರೆಯುತ್ತಿದ್ದರು. ಅವನ ಬಾಮೈದನಂತೂ, ನಮ್ಮ ಭಾವ ಜೀವನದಲ್ಲಿ ಮೇಲೆ ಬರುತ್ತಾರೆ ಅಂದುಕೊಂಡರೆ ದುಡ್ಡು ಕಟ್ಟಿ ಕೆಳಗಿಳಿಯುತ್ತಿದ್ದಾರೆ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಒಂದೊಂದು ಹಂತಕ್ಕೂ ಒಂದೊಂದು ಕಾರ್ಡು. ಕಾರ್ಡಿಗೆ ಇಷ್ಟು ಸಲ ಮುಳುಗಿರಬೇಕೆಂಬ ಲೆಕ್ಕ. ಎರಡು ವರ್ಷ ಇನ್ನೊಬ್ಬರ ವಿದ್ಯಾರ್ಥಿಗಳ ಸಿಲಿಂಡರು ಹೊತ್ತ. ಒಮ್ಮೆ ನೆಗಡಿಯಿದ್ದಾಗಲೇ ಇಳಿದು ಎಡಗಿವಿಯ ತಮಟೆ ಹರಿದುಕೊಂಡ. ವಾಸಿಯಾದ ಮೇಲೂ ಆ ಕಿವಿ ಅರ್ಧ ಕೇಳಿದರೆ ಅರ್ಧ ಬಿಡುತ್ತಿತ್ತು. ಹೆಂಡತಿ ಊಟಕ್ಕೆ ಕೂರುವಾಗ ತಾನಾಗಿಯೇ ಬಲಗಡೆಗೆ ಬಂದಳು. ಮಗು ಬೇಕೆಂಬ ಮಾತು ಬಂದಾಗಲೆಲ್ಲ ಪರೀಕ್ಷೆಯೊಂದು ಮುಗಿಯಲಿ ಎಂದ. ಮುಂದೆ ಆ ಮಾತು ಬರುವುದೇ ನಿಂತಿತು. ಯಾವತ್ತು ನಿಂತಿತೆಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಅವಳ ತಾಯಿ ತೀರಿಕೊಂಡಾಗ ಅವನು ದೋಣಿಯ ಮೇಲಿದ್ದ. ಬಂದದ್ದು ಮೂರನೇ ದಿನ. ಬಿಕ್ಕುತ್ತಿದ್ದ ಅವಳ ಎರಡೂ ಭುಜ ಹಿಡಿದು, ನೀರಿನಲ್ಲಿ ಗಾಬರಿಯಾದವರಿಗೆ ಹೇಳುವ ದನಿಯಲ್ಲೇ ಹೇಳಿದ: “ನನ್ನ ಕಣ್ಣು ನೋಡು. ನಿಧಾನಕ್ಕೆ ಉಸಿರು ಬಿಡು. ಇನ್ನೂ ನಿಧಾನಕ್ಕೆ.” ಅವಳು ಹೇಳಿದ ಹಾಗೆ ಮಾಡಿದಳು. ಅಳು ನಿಂತಿತು. ಕಲಿತದ್ದು ಕೆಲಸಕ್ಕೆ ಬಂತೆಂದು ಅವನಿಗೆ ಆಗ ಒಳಗೊಳಗೇ ಸಂತೋಷವಾಗಿತ್ತು.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಈಜು ಬಾರದು. ಸಮುದ್ರದಲ್ಲಿ ಪಾದ ನೆನೆಸಿದ್ದು ಎರಡು ಸಲ. ಆದರೂ ಅವನ ಮೊದಲ ವಿದ್ಯಾರ್ಥಿನಿ ಅವಳೇ. ಸೋಫಾದ ಮೇಲೆ ಅವಳನ್ನು ಕೂರಿಸಿಕೊಂಡು ನಾಲ್ಕು ವರ್ಷ ಪಾಠ ಒಪ್ಪಿಸಿದ್ದ. ಸನ್ನೆಗಳೆಲ್ಲ ಅವಳಿಗೆ ಬಾಯಿಪಾಠ. ಅವನು ತಡವರಿಸಿದರೆ ಮುಂದಿನ ವಾಕ್ಯ ಅವಳೇ ಹೇಳುತ್ತಿದ್ದಳು.

ಈ ವಾರವೂ ಅವಳನ್ನೇ ಕೇಳಿದ. ಯಾವಾಗ ಬೇಕಾದರೂ ಹೆಬ್ಬೆರಳು ತೋರಿಸು, ಮುಂಚೆ ಹೇಳಬೇಡ, ನಾನು ಏನು ಮಾಡುತ್ತಿದ್ದರೂ ನಿಲ್ಲಿಸಿ ತಿರುಗಿ ತೋರಿಸಬೇಕು. ಆಮೇಲೆ ಇಬ್ಬರೂ ಮೂರು ನಿಮಿಷ ಅಲ್ಲಾಡದೆ ಇರಬೇಕು. ಸಮುದ್ರದಲ್ಲಾದರೆ ನೇರ ಮೇಲೆ ಬರುವಂತಿಲ್ಲ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಇಲ್ಲದಿದ್ದರೆ ಸೋಡಾ ಬಾಟಲಿ ತೆಗೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಕೊಳದ ಪರೀಕ್ಷೆಗೆ ಅದು ಬೇಕಿಲ್ಲ, ಆದರೂ ಅಭ್ಯಾಸ ತಪ್ಪಬಾರದು ಎಂದ.

ಸೋಮವಾರ ಅವನು ಹಲ್ಲುಜ್ಜುವಾಗ ತೋರಿಸಿದಳು. ಬಾಯ್ತುಂಬ ನೊರೆ ಇಟ್ಟುಕೊಂಡು ಮೂರು ನಿಮಿಷ ನಿಂತ. ಮಂಗಳವಾರ ಫೋನಿನಲ್ಲಿ ಮಾತಾಡುತ್ತಿದ್ದಾಗ. ಮೊದಮೊದಲು “ಯಾಕೆ” ಬಾಯಿಂದ ಜಾರಿಬಿಡುತ್ತಿತ್ತು. ಬರುಬರುತ್ತ ಅದನ್ನು ನುಂಗುವುದು ಬಂತು. ಬುಧವಾರ ಅಡುಗೆಮನೆಯ ಬಾಗಿಲಲ್ಲಿ ತೋರಿಸಿ ಅವಳೇ ಸಿಕ್ಕಿಬಿದ್ದಳು.

“ಒಲೆ ಮೇಲೆ ಹಾಲಿದೆ ಕಣ್ರೀ,” ಎಂದಳು.

“ಇನ್ನೂ ಎರಡು ನಿಮಿಷ ಇದೆ. ಅಲ್ಲಾಡಬೇಡ.”

ಹಾಲು ಉಕ್ಕಿ ಒಲೆಯೆಲ್ಲ ಹರಿದು ಸೀದ ವಾಸನೆ ಬಂತು. ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ, ಗಡಿಯಾರ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳೂ ನಿಲ್ಲಿಸಿದಳು. ಗುರುವಾರ, ಶುಕ್ರವಾರ ಅವಳು ಹೆಬ್ಬೆರಳು ತೋರಿಸಲಿಲ್ಲ. ಮರೆತಿರಬೇಕು ಅಂದುಕೊಂಡ.

ಶನಿವಾರ ಪರೀಕ್ಷಕಿ ಒಂದೇ ಸಲ ಹೆಬ್ಬೆರಳೆತ್ತಿದರು. ಅವರ ಕೈ ಪೂರ್ತಿ ಏಳುವ ಮೊದಲೇ ಅವನ ಕೈ ಎದ್ದಿತ್ತು. ಮೇಲೆ ಬಂದ ಮೇಲೆ ಕೈ ಕುಲುಕಿ, ಇನ್ನು ನೀವು ಕಲಿಸಬಹುದು ಎಂದರು. ಶಾಲೆಯವರು ಅಲ್ಲೇ ಕೆಲಸದ ಕಾಗದವನ್ನೂ ಕೊಟ್ಟರು. ಓದಿ ರುಜು ಹಾಕಿದ.

ಮನೆಗೆ ಬಂದಾಗ ಮಧ್ಯಾಹ್ನದ ಊಟಕ್ಕೆ ಇಟ್ಟಾಗಿತ್ತು. ಡೈವಿಂಗಿನ ಒದ್ದೆ ಸೂಟನ್ನು ಬಚ್ಚಲಲ್ಲಿ ನೇತುಹಾಕಿ ಬಂದು ಕೂತ. ಪಾಸಾಯಿತು ಎಂದ. ಅವಳು ಒಳ್ಳೆಯದಾಯಿತು ಎಂದಳು, ಬಡಿಸಿದಳು, ಬಲಗಡೆ ಕೂತಳು. ಅವನು ಊಟ ಮಾಡುತ್ತಲೇ ಹೇಳಿದ. ಕೆಲಸ ದ್ವೀಪದಲ್ಲಿ, ಮೊದಲ ಸಲಕ್ಕೆ ಆರು ತಿಂಗಳು. ಒಬ್ಬರಿಗಾಗುವಷ್ಟು ಕೋಣೆ ಅವರೇ ಕೊಡುತ್ತಾರೆ. ಹತ್ತನೇ ತಾರೀಕಿಗೆ ಅಲ್ಲಿರಬೇಕು. ರುಜು ಹಾಕಿಯಾಗಿದೆ. ಆರು ತಿಂಗಳು ಅನ್ನುವಷ್ಟರಲ್ಲಿ—

ಅವಳು ಚಮಚ ಕೆಳಗಿಟ್ಟು ಹೆಬ್ಬೆರಳು ಎತ್ತಿದಳು.

“ಪರೀಕ್ಷೆ ಮುಗೀತಲ್ಲೇ,” ಎಂದು ಅವನು ನಕ್ಕ.

ಕೈ ಇಳಿಯಲಿಲ್ಲ. ಬೆರಳ ತುದಿಯಲ್ಲಿ ಗಾಜಿನ ಅಂಚು ತಾಗಿದ ಹಳೆಯ ಗೀರು ಬೆಳ್ಳಗೆ ಕಾಣುತ್ತಿತ್ತು. ಅವಳು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಇದು ಆಟವಲ್ಲ ಎಂದು ಅವನಿಗೆ ಅರ್ಥವಾಯಿತು.

ಯಾಕೆ ಎಂಬುದು ಗಂಟಲ ತನಕ ಬಂತು. ನುಂಗಿದ. ಅವನ ಹೆಬ್ಬೆರಳು ತಾನಾಗಿ ಎದ್ದಿತು. ಆಮೇಲೆ ಅದೇ ಬೆರಳು ಎಡಗೈಯ ಗಡಿಯಾರದ ಗುಂಡಿ ಒತ್ತಿತು.

ಅವಳು ಕೈ ಇಳಿಸಿದಳು. “ನಾಳೆ ತಮ್ಮ ಬರ್ತಾನೆ. ಅವನ ಜೊತೆ ಹೋಗ್ತೀನಿ. ವಾಪಸ್ ಬರೋಕಲ್ಲ.”

ಅವನು ತಲೆಯಾಡಿಸಿದ. ಬಚ್ಚಲಲ್ಲಿ ಸೂಟಿನಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುವುದು ಬಲಗಿವಿಗೆ ಕೇಳುತ್ತಿತ್ತು. ಎದೆ ಧಸಕ್ಕೆನ್ನಬೇಕಿತ್ತು. ಅದರ ಪಾಡಿಗೆ ಅದು ನಿಧಾನಕ್ಕೆ, ಕಲಿಸಿದ ಹಾಗೆ, ಹೊಡೆದುಕೊಳ್ಳುತ್ತಿತ್ತು. ಉಸಿರೂ ಸರಿಯಾಗಿಯೇ ಇತ್ತು.

ಅವಳು ಕಾದಳು. ಲೋಟವನ್ನು ಅತ್ತ ಸರಿಸಿದಳು, ಮತ್ತೆ ಇತ್ತ ಎಳೆದುಕೊಂಡಳು.

“ಮೇಲೆ ಬಂದಾಯ್ತು, ರೀ,” ಎಂದಳು. “ಈಗ ಕೇಳಬಹುದು.”

ಅವನು ಗಡಿಯಾರ ನೋಡಿದ.

“ಇನ್ನೂ ಒಂದು ನಿಮಿಷ ಇದೆ,” ಎಂದ.

ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಾಡದೆ ಕೂತಳು. ಅಡುಗೆಮನೆಯಲ್ಲಿ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿತ್ತು. ಒಲೆಯನ್ನು ಅವಳು ಊಟಕ್ಕೆ ಕೂರುವ ಮುಂಚೆಯೇ ಆರಿಸಿ ಬಂದಿದ್ದಳು.