ಸಂಜೆಗೆ ಆಟ ಉಂಟು

ಐದನೆಯ ದಿನ ಬೆಳಿಗ್ಗೆ ಗಂಜಿ ಉಣ್ಣುವ ಹೊತ್ತಿಗೆ ಶಿಫಾ ಬಂದು, "ಇವತ್ತು ಸಂಜೆ ನಾಲ್ಕು ಗಂಟೆಗೆ ಆಟ ಉಂಟು. ಎಲ್ಲರೂ ಹಾಲಿಗೆ ಬರ್ಬೇಕು" ಎಂದು ಹೇಳಿ ಹೋದಳು. ಹೇಳಿದವಳು ಪುತ್ತೂರಿನವಳೇ, ಕೇಳಿದವರೂ ಇದೇ ಸೀಮೆಯವರೇ. ಆದರೂ ಎಡವಟ್ಟಾಯಿತು. ಈ ಕಡೆ ಆಟ ಎಂದರೆ ಯಕ್ಷಗಾನ. ಮಕ್ಕಳು ಆಡುವುದೂ ಆಟವೇ ಹೌದು, ಆದರೆ ಐವತ್ತರ ಹತ್ತಿರ ಬಂದ ದೇವದಾಸನಂಥವನಿಗೆ ಸಂಜೆಗೆ ಆಟ ಉಂಟು ಎಂದರೆ ಬೇರೆ ಅರ್ಥ ಯಾಕೆ ಹೊಳೆಯಬೇಕು? ಅವನು ಗಂಜಿಯ ಬಟ್ಟಲಿನಿಂದ ಮುಖವೆತ್ತಿ ಹೆಂಡತಿಯನ್ನು ಕೇಳಿದ.

"ಯಾವ ಮೇಳದ್ದು?"

ಈ ಕೇಂದ್ರಕ್ಕೆ ಬಂದ ಮೇಲೆ ಗಂಡ ದಮಯಂತಿಯ ಜೊತೆ ಆಡಿದ ಮೊದಲ ಮಾತು ಅದು. ಅವಳು ಗೊತ್ತಿಲ್ಲವೆಂದು ತಲೆಯಾಡಿಸಿ, ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದಳು.

ಕೇಂದ್ರ ಇದ್ದದ್ದು ಕಡಬದಿಂದ ಸ್ವಲ್ಪ ಒಳಗೆ, ಹಿಂದೆ ರಬ್ಬರ್ ಶೀಟ್ ಒಣಗಿಸುತ್ತಿದ್ದ ಒಂದು ದೊಡ್ಡ ಹೊಗೆಮನೆಯಲ್ಲಿ. ಸುಣ್ಣ ಬಳಿದು, ಮಂಚ ಹಾಕಿ, ಕಿಟಕಿ ಇಟ್ಟರೂ ಗೋಡೆಯಿಂದ ರಬ್ಬರಿನ ಹೊಗೆವಾಸನೆ ಹೋಗಿರಲಿಲ್ಲ. ಕುಡಿತ ಬಿಡಿಸುವ ಶಿಬಿರಗಳು ಈ ತಾಲೂಕುಗಳಲ್ಲಿ ಹೊಸದಲ್ಲ, ಆದರೆ ಅಲ್ಲೆಲ್ಲ ಗಂಡಸರು ಒಳಗೆ, ಹೆಂಗಸರು ಹೊರಗೆ ಕಣ್ಣೊರೆಸಿಕೊಂಡು. ಇಲ್ಲಿಗೆ ಸೇರಬೇಕಾದರೆ ಗಂಡ ಹೆಂಡತಿ ಇಬ್ಬರೂ ಕುಡಿಯುವವರಾಗಿರಬೇಕು. ಒಟ್ಟು ನಾಲ್ಕು ಜೋಡಿ ಇತ್ತು. ಮೊದಲ ಮೂರು ದಿನ ಇಂಜೆಕ್ಷನ್, ಗ್ಲೂಕೋಸ್, ಬೆವರು, ವಾಂತಿ. ಝುಲೈಖಾ ಸಿಸ್ಟರ್ ಎಲ್ಲರ ಕೈಯನ್ನೂ ಹಿಡಿದು ನೋಡಿ, "ನಡುಗ್ಲಿ ನಡುಗ್ಲಿ, ನಡುಗಿಯೇ ನಿಲ್ಲಬೇಕಾದ್ದು" ಎನ್ನುತ್ತಿದ್ದಳು. ನಾಲ್ಕನೆಯ ದಿನಕ್ಕೆ ಕೈ ನಿಂತವು. ಆಮೇಲಿನದು ಶಿಫಾಳ ಕೆಲಸ. ಆಯಿಶತ್ ಶಿಫಾ ಎಂಬುದು ಅವಳ ಪೂರ್ತಿ ಹೆಸರು, ವಯಸ್ಸು ಇಪ್ಪತ್ತಾರು. ಕುಡಿಯುವ ಹೊತ್ತು ಖಾಲಿಯಾದಾಗ ಅಲ್ಲಿ ಏನು ತುಂಬಿಸುವುದು ಎಂದು ಜೋಡಿಗಳಿಗೆ ಕಲಿಸುವುದಕ್ಕೆಂದೇ ಅವಳು ಓದಿ ಬಂದಿದ್ದಳು. ಹಾಗೆಂದು ದೇವದಾಸನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ದೇವದಾಸ ಪಂಜದವನು. ಅಡಿಕೆ ಮರ ಹತ್ತಿ ಮದ್ದು ಬಿಡುವುದು ಅವನ ಕೆಲಸ. ಮೈಲುತುತ್ತು ಸುಣ್ಣದ ನೀಲಿ ಮದ್ದನ್ನು ಮರದ ತುದಿಯಲ್ಲಿ ಕೂತು ಗೊನೆಗಳಿಗೆ ಹೊಡೆಯುವುದರಲ್ಲಿ ಅವನ ಕೈಗೆ ಸಮನಾದವರು ಇರಲಿಲ್ಲ. ಹೋದ ಮಳೆಗಾಲದಲ್ಲಿ ಅದೇ ಕೈ ನಡುಗಿ, ಮರದಿಂದ ಎರಡು ಮಾರು ಜಾರಿ, ಎದೆಯ ಚರ್ಮ ಕಿತ್ತುಕೊಂಡು ಬಂದ. ಅದಾದ ಹದಿನೈದು ದಿನಕ್ಕೆ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ದಮಯಂತಿಯ ಬಾಯಿಯ ವಾಸನೆ ಹೆಡ್‌ಮಾಸ್ಟರ ಮೂಗಿಗೆ ಸಿಕ್ಕಿತು. "ಸ್ವಲ್ಪ ದಿನ ರಜೆ ಮಾಡಿ" ಎಂದರು ಅವರು, ಮರ್ಯಾದಸ್ಥರು. ಪುತ್ತೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವ ಮಗಳು ಯಶ್ಮಿತಾ ಬಂದು, ಅತ್ತು, ಇಬ್ಬರನ್ನೂ ಜೀಪಿಗೆ ಹತ್ತಿಸಿ ಇಲ್ಲಿಗೆ ಬಿಟ್ಟು ಹೋದಳು.

ದಮಯಂತಿ ಕುಡಿಯಲು ಕಲಿತದ್ದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗಂಡನೇ ಕಲಿಸಿದ್ದು ಎಂದು ಊರು ಹೇಳಿತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಿಜ ಸಂಗತಿ ಇಷ್ಟು: ಎಂಟು ವರ್ಷದ ಹಿಂದೆ ದೇವದಾಸನ ಕುಡಿತ ದಿನಕ್ಕೊಂದು ಕ್ವಾರ್ಟರಿಗೆ ಬಂದು ನಿಂತಿತ್ತು. ಬೇಡ ಎಂದರೂ ಬಿಡಲಿಲ್ಲ, ಅತ್ತರೂ ಬಿಡಲಿಲ್ಲ, ಬಾಟಲಿ ಅಡಗಿಸಿಟ್ಟರೆ ಹೋಗಿ ಇನ್ನೊಂದು ತಂದ. ಆಗ ದಮಯಂತಿಗೆ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಹೆಂಡತಿಯಾದವಳಿಗಲ್ಲದೆ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಇದ್ದದ್ದರಲ್ಲಿ ಅರ್ಧ ತಾನು ಕುಡಿದರೆ ಅವನ ಹೊಟ್ಟೆಗೆ ಹೋಗುವುದು ಅರ್ಧವೇ ತಾನೆ? ಒಂದು ಸಂಜೆ ಅವನೆದುರು ಗ್ಲಾಸು ಹಿಡಿದು ಕೂತು, "ನಂಗೂ ಹಾಕಿ" ಎಂದಳು. ಮೂಗು ಮುಚ್ಚಿಕೊಂಡು ಕುಡಿದಳು. ಒಂದು ವಾರ ಅವನ ಪಾಲು ನಿಜಕ್ಕೂ ಕಡಿಮೆಯಾಯಿತು. ಎರಡನೆಯ ವಾರ ಅವನು ಕ್ವಾರ್ಟರಿನ ಬದಲು ಹಾಫ್ ತಂದ. ಅಷ್ಟು ಹೊತ್ತಿಗೆ ಅವಳಿಗೆ ಮೂಗು ಮುಚ್ಚಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ.

ಆ ಎಂಟು ವರ್ಷದ ಸಂಜೆಗಳು ಕೆಟ್ಟವಾಗಿದ್ದವು ಎಂದರೆ ಸುಳ್ಳಾಗುತ್ತದೆ. ದೇವದಾಸ ಹೊಡೆಯುವವನಲ್ಲ, ಬೈಯುವವನಲ್ಲ. ಎರಡು ಗುಟುಕು ಒಳಗೆ ಹೋದರೆ ಅವನ ಬಾಯಿ ಬಿಚ್ಚುತ್ತಿತ್ತು. ತೋಟದ ಧಣಿಗಳ ನಡೆ ನುಡಿ ಮಾಡಿ ತೋರಿಸುವನು, ಅವಳನ್ನು ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುವನು. ಈಗ ಆ ಬಾಯಿ ಮುಚ್ಚಿತ್ತು. ಐದು ದಿನದಿಂದ ಒಂದೇ ಕೋಣೆಯಲ್ಲಿದ್ದರೂ ಅವನು ಗೋಡೆ ನೋಡುತ್ತಿದ್ದ, ಅವಳು ಅವನ ಬೆನ್ನು ನೋಡುತ್ತಿದ್ದಳು. ಕುಡಿಯಬೇಕೆಂಬ ಆಸೆಗಿಂತ ದೊಡ್ಡ ಹೆದರಿಕೆಯೊಂದು ಅವಳೊಳಗೆ ಹೊಕ್ಕಿತ್ತು. ಇಷ್ಟು ವರ್ಷ ತನ್ನ ಜೊತೆ ನಕ್ಕು ಮಾತಾಡಿದವನು ದೇವದಾಸನೋ, ಅವನೊಳಗೆ ಹೋದ ಬ್ರಾಂಡಿಯೋ? ಬ್ರಾಂಡಿಯೇ ಆಗಿದ್ದರೆ, ಅದನ್ನು ಬಿಟ್ಟು ಮನೆಗೆ ಹೋದ ಮೇಲೆ ಇವನ ಜೊತೆ ಬದುಕುವುದು ಹೇಗೆ? ಅವನಿಗಾದರೂ ತಾನು ಬೇಕೋ ಬೇಡವೋ?

ಸಂಜೆ ನಾಲ್ಕಕ್ಕೆ ದೇವದಾಸ ತಲೆ ಬಾಚಿ, ಬಿಳಿ ಅಂಗಿ ಹಾಕಿ, ಹೆಗಲಿಗೆ ಬೈರಾಸು ಟವೆಲು ಏರಿಸಿ ಹಾಲಿಗೆ ಹೋದ. ಎದುರು ಸಾಲಿನಲ್ಲೇ ಕುರ್ಚಿ ಹಿಡಿದು ಕೂತ. ವೇಷ ಕಟ್ಟುವ ಚೌಕಿ ಎಲ್ಲಿ, ರಂಗಸ್ಥಳ ಎಲ್ಲಿ ಎಂದು ಅವನು ಕತ್ತು ಹೊರಳಿಸುತ್ತಿರುವಾಗ ಶಿಫಾ ಎರಡು ಕ್ಯಾರಂ ಬೋರ್ಡು ಹೊರಿಸಿಕೊಂಡು ಬಂದಳು.

"ಭಾಗವತ್ರು ಬರ್ಲಿಲ್ವಾ?" ಎಂದು ದೇವದಾಸ ಕೇಳಿಯೇಬಿಟ್ಟ.

ಹಾಲು ನಕ್ಕಿತು. ಝುಲೈಖಾ ಸಿಸ್ಟರ್ ಬಾಗಿಲಲ್ಲಿ ನಿಂತು ಶಾಲು ಬಾಯಿಗೊತ್ತಿ ನಕ್ಕಳು. ದಮಯಂತಿಗೂ ನಗು ಬಂತು, ಆದರೆ ನಗಲಿಲ್ಲ, ಯಾಕೆಂದರೆ ಗಂಡನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತ್ತು. ಅವನು ಎದ್ದು ಬೈರಾಸು ಕೊಡವಿದ.

"ಕುಡಿದಾಗ ನಗ್ತಿದ್ರು, ಬಿಟ್ಟಾಗ್ಲೂ ನಗ್ತಾರೆ. ಈ ಮಕ್ಕಳಾಟಕ್ಕೆ ನಾನಿಲ್ಲ. ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಾನು ಹೋಗುದೇ."

"ಇವ್ರೇ, ಕೂರಿ" ಎಂದಳು ದಮಯಂತಿ. ಅವನು ಕೂರಲಿಲ್ಲ.

ಶಿಫಾ ಕ್ಯಾರಂ ಬೋರ್ಡನ್ನು ಗೋಡೆಗೊರಗಿಸಿದಳು. ಹುಡುಗಿ ಚಿಕ್ಕವಳಾದರೂ ಬುದ್ಧಿ ದೊಡ್ಡದು. "ದೇವದಾಸಣ್ಣ, ತಪ್ಪು ನಂದು" ಎಂದಳು. "ಆಟ ಉಂಟು ಅಂತ ಕರೆದು ಕ್ಯಾರಂ ತೋರ್ಸಿದ್ರೆ ಯಾರಿಗಾದ್ರೂ ಸಿಟ್ಟು ಬರ್ತದೆ. ನಮ್ಮ ಉಪ್ಪನಿಗೂ, ಅಂದ್ರೆ ಅಪ್ಪನಿಗೂ, ಬರ್ತಿತ್ತು, ಅವ್ರಿಗೆ ಆಟದ ಹುಚ್ಚು. ಈಗ ವೇಷ ತರ್ಲಿಕ್ಕೆ ಆಗುದಿಲ್ಲ. ಕೂತು ಮಾತಾಡುವ ತಾಳಮದ್ದಳೆಯಾದ್ರೂ ಮಾಡುವಾ? ನಿಮಗೆ ಅರ್ಥ ಹೇಳ್ಲಿಕ್ಕೆ ಬರ್ತದಾ?"

ಕೇಳಬಾರದವನನ್ನು ಕೇಳಿದ ಹಾಗಾಯಿತು. ಮದುವೆಗೆ ಮೊದಲು ಪಂಜದ ಸುತ್ತಮುತ್ತ ನಾಲ್ಕೈದು ತಾಳಮದ್ದಳೆಯಲ್ಲಿ ದೂತನ ಪಾತ್ರಕ್ಕೆ ಅರ್ಥ, ಎಂದರೆ ಮಾತು, ಹೇಳಿದವನು ದೇವದಾಸ. ದೂತನಿಗೆ ಇರುವುದು ಎರಡೇ ಮಾತಾದರೂ ಅವನು ಹತ್ತು ಮಾಡುತ್ತಿದ್ದ. "ಬರ್ತದಾ ಅಂತ ಕೇಳುದಾ?" ಎಂದು ಗೊಣಗಿ ಕೂತುಬಿಟ್ಟ.

ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು ಶಿಫಾ ಕಟ್ಟಳೆ ಹೇಳಿದಳು. ಪುರಾಣ ಬೇಡ. ದೇವದಾಸಣ್ಣ ದಮಯಂತಿಯಕ್ಕನ ಪಾತ್ರ, ದಮಯಂತಿಯಕ್ಕ ದೇವದಾಸಣ್ಣನ ಪಾತ್ರ. ಶಿಫಾ ಸಾಕು ಎನ್ನುವ ತನಕ ಯಾರೂ ಪಾತ್ರ ಬಿಟ್ಟು ಮಾತಾಡಬಾರದು. ಝುಲೈಖಾ ಸಿಸ್ಟರ್ ಎರಡು ಚಮಚ ಹಿಡಿದು ಮೇಜಿನ ಮೇಲೆ ಚೆಂಡೆ ಬಾರಿಸಲು ಸಿದ್ಧಳಾದಳು.

ದೇವದಾಸ ಬೈರಾಸನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡ. "ನಾನು ದಮಯಂತಿ. ಪಂಜದಲ್ಲಿ ನನ್ನ ಹಾಗೆ ಕೋಳಿ ಸುಕ್ಕ ಮಾಡುವವರು ಇಲ್ಲ. ಇದನ್ನು ಬೇರೆ ಯಾರೂ ಹೇಳುದಿಲ್ಲ, ಆದ್ದರಿಂದ ನಾನೇ ಹೇಳುದು."

ಚಮಚ ಢಣ್ ಎಂದಿತು. ಎಲ್ಲರೂ ನಕ್ಕರು, ಈ ಸಲ ಅವನ ಪರವಾಗಿ. ದಮಯಂತಿ ಸೊಂಟಕ್ಕೆ ಕೈಯಿಟ್ಟು, "ನಾನು ದೇವದಾಸ" ಎಂದಳು. "ಮರದ ಮೇಲೆ ಇದ್ದಾಗ ಇಡೀ ಊರಿಗೆ ಕೇಳುವ ಹಾಗೆ ಮಾತಾಡುದು. ಕೆಳಗಿಳಿದು ಹೆಂಡತಿಯ ಎದುರು ಬಂದ ಕೂಡ್ಲೇ ಬಾಯಿಗೆ ಬೀಗ. ಐದು ದಿನ ಆಯ್ತು, ಬೀಗದ ಕೈ ಸಿಗುದಿಲ್ಲ."

"ಕೇಳುವವರು ಗೋಡೆ ನೋಡ್ತಾ ಇದ್ರೆ ಹೇಳುದು ಯಾರಿಗೆ?" ಎಂದ ಅವನು, ದಮಯಂತಿಯಾಗಿಯೇ.

"ಗೋಡೆ ನೋಡಿದ್ದು ನಾನು, ಅಂದ್ರೆ ದೇವದಾಸ. ನೀನು ನೋಡಿದ್ದು ನನ್ನ ಬೆನ್ನು" ಎಂದು ಅವಳು ದೇವದಾಸನಾಗಿಯೇ ಒಪ್ಪಿಕೊಂಡಳು. ಶಿಫಾ ಮುಸಿಮುಸಿ ನಗುತ್ತಿದ್ದಳು.

ಹೀಗೆ ಒಂದಷ್ಟು ಹೊತ್ತು ಹೋಯಿತು. ದಮಯಂತಿಗೆ ಒಂದು ಧೈರ್ಯ ಬಂತು. ತನ್ನ ಬಾಯಿಯಿಂದ ಎಂದೂ ಕೇಳಲಾಗದ್ದನ್ನು ಗಂಡನ ಪಾತ್ರದಲ್ಲಿ ಕೂತು ಕೇಳಬಹುದಲ್ಲ ಎನಿಸಿತು.

"ದಮಯಂತೀ, ನಿಜ ಹೇಳು. ನೀನು ಕುಡೀಲಿಕ್ಕೆ ಯಾಕೆ ಸುರು ಮಾಡಿದ್ದು?"

ದೇವದಾಸ ತಲೆಯ ಮೇಲಿನ ಬೈರಾಸನ್ನು ಸರಿಮಾಡಿಕೊಂಡ. ನೆಲ ನೋಡಿದ.

"ಗಂಡನ ಗ್ಲಾಸಲ್ಲಿ ಕಡಿಮೆ ಆಗ್ಲಿ ಅಂತ" ಎಂದ.

ದಮಯಂತಿಯ ಕೈ ಸೊಂಟದಿಂದ ಜಾರಿತು. "ನಿಮಗೆ ಗೊತ್ತಿತ್ತಾ?"

"ದಮಯಂತಿಯಕ್ಕ, ಪಾತ್ರ ಬಿಡ್ಬೇಡಿ" ಎಂದಳು ಶಿಫಾ, ಮೆತ್ತಗೆ.

ದಮಯಂತಿಗೆ ಸಿಟ್ಟು ನೆತ್ತಿಗೇರಿತು. ಎಂಟು ವರ್ಷ! ಗೊತ್ತಿದ್ದೂ ಇವನು ಹಾಫ್ ತಂದು ಇಬ್ಬರಿಗೂ ಹಾಕಿದನಲ್ಲ. ಅವಳು ಹಲ್ಲು ಕಚ್ಚಿ ಪಾತ್ರಕ್ಕೆ ಮರಳಿದಳು. "ಗೊತ್ತಿದ್ದೂ ನಾನು ಬೇಡ ಅಂತ ಹೇಳ್ಲಿಲ್ಲ ಯಾಕೆ?"

"ಅದು ನಂಗೆ ಹೇಗೆ ಗೊತ್ತು? ನಾನು ದಮಯಂತಿ" ಎಂದ ಅವನು. "ಅದನ್ನು ಹೇಳ್ಬೇಕಾದ್ದು ನೀವು."

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು. ಬೈಯಬೇಕೆಂದು ಬಾಯಿ ತೆರೆದಳು. ಆದರೆ ದೇವದಾಸನಾಗಿ ಕೂತವಳು ದೇವದಾಸನಾಗಿಯೇ ಯೋಚಿಸಬೇಕಾಯಿತು. ದಿನವಿಡೀ ಮರದ ತುದಿಯಲ್ಲಿ ಒಬ್ಬನೇ. ಸಂಜೆ ಬಂದರೆ ಮನೆಯ ಚಾವಡಿಯ ಮೂಲೆಯಲ್ಲಿ ಬಾಟಲಿಯ ಎದುರು ಒಬ್ಬನೇ. ಒಳಗೆ ಹೆಂಡತಿ ಪಾತ್ರೆ ಕುಕ್ಕುವ ಸದ್ದು. ಒಂದು ದಿನ ಆ ಹೆಂಡತಿ ಬಂದು ಎದುರು ಕೂತುಬಿಟ್ಟಳು.

"ಅವಳು ಎದುರು ಬಂದು ಕೂತದ್ದು ನಂಗೆ ಖುಷಿಯಾಯ್ತು" ಎಂದಳು ನಿಧಾನವಾಗಿ. "ಬೇಡ ಅಂತ ಹೇಳಿದ್ರೆ ಎದ್ದು ಹೋಗ್ತಾಳೆ ಅಂತ ಹೆದರಿಕೆಯಾಯ್ತು."

ದೇವದಾಸ ಬೈರಾಸನ್ನು ತಲೆಯಿಂದ ಮುಖಕ್ಕೆ ಎಳೆದುಕೊಂಡ. ಅದರ ಒಳಗಿಂದಲೇ, "ಹೌದು. ಅಷ್ಟೇ" ಎಂದ. "ನಾನು ಮಾಡಿದ್ದು ದೊಡ್ಡ ತಪ್ಪು ಮಾರಾಯ್ತಿ. ಅದು ಗೊತ್ತಿದ್ದೇ ಇಲ್ಲಿ ನಿನ್ನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ."

"ಸಾಕು" ಎಂದಳು ಶಿಫಾ. ಉಳಿದ ಜೋಡಿಗಳನ್ನು ಚಾ ಕುಡಿಯಲು ಕರೆದುಕೊಂಡು ಹೋದಳು. ಝುಲೈಖಾ ಸಿಸ್ಟರ್ ಎರಡು ಗ್ಲಾಸು ಚಾ ತಂದು ಕ್ಯಾರಂ ಬೋರ್ಡಿನ ಪಕ್ಕದ ಮೇಜಿನ ಮೇಲಿಟ್ಟು ಹೊರಟಳು.

ದಮಯಂತಿಗೆ ಸಿಟ್ಟು ಇನ್ನೂ ಇತ್ತು, ಅದು ಒಂದು ಸಂಜೆಗೆ ಇಳಿಯುವಂಥದ್ದಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯನ ಮೇಲೆ ಪ್ರೀತಿ ಉಕ್ಕಿ ಬರುತ್ತಿತ್ತು. ಅವನು ಕುರ್ಚಿಯ ತುದಿಗೆ ಸರಿದು ಕೇಳಿದ.

"ಎದ್ದು ಹೋಗ್ತೀಯಾ?"

"ಎಲ್ಲಿಗೆ ಹೋಗುದು? ಮಾತಾಡಿ. ಸುಮ್ಮನೆ ಕೂತ್ರೆ ಮಾತ್ರ ಎದ್ದು ಹೋಗ್ತೇನೆ."

"ಎಂತ ಮಾತಾಡುದು?"

"ಎಂತ ಆದ್ರೂ."

ದೇವದಾಸ ಚಾ ಊದಿದ. ಒಂದು ಗುಟುಕು ಕುಡಿದು, "ಹಿಂದೊಮ್ಮೆ ಅಜ್ಜಾವರದಲ್ಲಿ ಒಬ್ಬರ ತೋಟಕ್ಕೆ ಮದ್ದು ಬಿಡ್ಲಿಕ್ಕೆ ಹೋಗಿದ್ದೆ" ಎಂದು ಸುರುಮಾಡಿದ.

ಈ ಕಥೆ ದಮಯಂತಿಗೆ ಬಾಯಿಪಾಠ. ಅಜ್ಜಾವರ ಅವಳ ತವರಾದ್ದರಿಂದ ಅವಳಿಗೆ ಅದರ ಮೇಲೆ ಒಂದು ಕಿವಿ. ಕುಡಿದ ಸಂಜೆಗಳಲ್ಲಿ ನೂರು ಸಲವಾದರೂ ಅವನು ಇದನ್ನು ಸುರುಮಾಡಿದ್ದುಂಟು. ಮಳೆ ಹಿಡಿಯುವ ಮೊದಲಿನ ಮದ್ದು, ಎತ್ತರದ ಮರ, ಕೆಳಗೆ ಪಂಪಿನ ಹತ್ತಿರ ಬಿಳಿ ಬನಿಯನ್ನಿನ ಧಣಿ, "ತುದಿಯಿಂದ ನೋಡಿದ್ರೆ..." ಅಲ್ಲಿಗೆ ಬಂದಾಗ ಅವನ ತಲೆ ವಾಲುತ್ತಿತ್ತು, ಇಲ್ಲವೇ ಅವಳದು ವಾಲುತ್ತಿತ್ತು. ಅದರ ಆಚೆಗೆ ಕಥೆ ಎಂದೂ ಹೋದದ್ದಿಲ್ಲ.

"ತುದಿಯಿಂದ ನೋಡಿದ್ರೆ" ಎಂದ ದೇವದಾಸ, "ಬೇಲಿಯ ಆಚೆ ಅಂಗಳದಲ್ಲಿ ಒಂದು ಹುಡುಗಿ ಹುಂಜಕ್ಕೆ ಬೈತಾ ಇದ್ಲು. ಒಣಗ್ಲಿಕ್ಕೆ ಇಟ್ಟ ಹಲಸಿನ ಹಪ್ಪಳ ಅದು ಕುಕ್ಕಿತ್ತು. ಹುಂಜದ ಅಜ್ಜ ಮುತ್ತಜ್ಜನಿಗೆಲ್ಲ ಬೈದ್ಲು. ಬೈದು ಬೈದು ಸುಸ್ತಾಗಿ, ಕಡೆಗೆ ಅವಳೇ ಒಂದು ಹಪ್ಪಳ ತುಂಡು ಮಾಡಿ ಅದಕ್ಕೆ ಹಾಕಿದ್ಲು. ನಾನು ನೋಡ್ತಾ ಕೂತೇ ಬಾಕಿ. ಕೈಯಲ್ಲಿದ್ದ ಪೈಪು ಕೆಳಗೆ ತಿರುಗಿದ್ದು ಗೊತ್ತಾಗ್ಲಿಲ್ಲ. ಧಣಿಗಳ ಬನಿಯನ್ ಪೂರ್ತಿ ನೀಲಿ. ಅವತ್ತೇ ನನ್ನನ್ನು ಓಡ್ಸಿದ್ರು."

ದಮಯಂತಿಯ ಗ್ಲಾಸು ಬಾಯಿಯ ಹತ್ತಿರ ನಿಂತಿತ್ತು. "ನಮ್ಮ ಸಂಬಂಧ ಬ್ರೋಕರ್ ತಂದದ್ದಲ್ವಾ? ನಿಮ್ಮ ಅಮ್ಮ ಹಾಗೇ ಹೇಳಿದ್ದು."

"ಬ್ರೋಕರನ್ನು ಕಳಿಸಿದ್ದು ಯಾರು? ಹುಂಜಕ್ಕೆ ಬೈಯುವ ಹುಡುಗಿ ಅಂತ ಗುರುತು ಹೇಳಿ ಕಳಿಸಿದ್ದು ನಾನು."

ಅವಳು ಗ್ಲಾಸನ್ನು ಮೇಜಿನ ಮೇಲಿಟ್ಟಳು. ಕೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಕೇಳಿದಳು. "ಆಗ ನೀವು ಕುಡ್ದಿದ್ರಾ?"

"ಬೆಳಿಗ್ಗೆ ಹತ್ತು ಗಂಟೆಗೆ, ಮರದ ಮೇಲೆ? ಎಂತ ಮಾರಾಯ್ತಿ ನೀನು! ಆಗ ನಂಗೆ ಕಳ್ಳಿನ ರುಚಿಯೂ ಗೊತ್ತಿರ್ಲಿಲ್ಲ. ಒಂದು ಗ್ಲಾಸು ಬೆಲ್ಲದ ನೀರು ಕುಡ್ದು ಮರ ಹತ್ತಿದ್ದು."

ದಮಯಂತಿ ತನ್ನ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡಳು.

"ಇನ್ನೊಮ್ಮೆ ಹೇಳಿ" ಎಂದಳು. "ಸುರುವಿಂದ."