ಪೆನ್ನಿನ ಮುಚ್ಚಳ ತೆರೆದದ್ದು ಒಂದೇ ಸಲ

ರ‍್ಯಾಲಿ ಕಾರುಗಳ ಮೆಕ್ಯಾನಿಕ್‌ಗಳಲ್ಲಿ ಒಂದು ಕಟ್ಟಳೆಯಿದೆ. ನಟ್ಟು ಬಿಗಿದವನೇ ಅದರ ಮೇಲೆ ಹಳದಿ ಗೆರೆ ಎಳೆಯುವಂತಿಲ್ಲ. ಒಬ್ಬ ಟಾರ್ಕ್ ವ್ರೆಂಚ್ ಹಿಡಿದು ಬಿಗಿಯಬೇಕು. ಎಷ್ಟು ಬಿಗಿಯಬೇಕೋ ಅಷ್ಟು ನಂಬರು ಅದರ ಹಿಡಿಯಲ್ಲಿ ಮೊದಲೇ ತಿರುಗಿಸಿಟ್ಟರೆ, ಅಲ್ಲಿಗೆ ಮುಟ್ಟಿದ ಕೂಡಲೇ ಅದು ಟಕ್ ಎನ್ನುತ್ತದೆ. ಆಮೇಲೆ ಇನ್ನೊಬ್ಬ ಬಂದು, ಮುಟ್ಟಿ ನೋಡಿ, ಬಣ್ಣದ ಪೆನ್ನಿನಿಂದ ನಟ್ಟಿನ ಮೇಲೊಂದು ಗೆರೆ ಎಳೆಯಬೇಕು. ಗೆರೆ ಬಿತ್ತೆಂದರೆ ಆ ಕೆಲಸ ಮುಗಿಯಿತು, ಮತ್ತೆ ಯಾರೂ ಅತ್ತ ಕಣ್ಣು ಹಾಯಿಸುವುದಿಲ್ಲ.

ಈ ಕಟ್ಟಳೆಯನ್ನು ನಾನು ಇಪ್ಪತ್ತಾರು ವರ್ಷಗಳಿಂದ ಬೈಯುತ್ತಲೇ ಬಂದವನು. ನನ್ನ ಕೈಗೆ ಇನ್ನೊಬ್ಬನ ಕಣ್ಣಿನ ಕಾವಲು ಯಾಕೆ? ಉಳಿದವರು ಬಿಗಿದದ್ದನ್ನು ನಾನು ಮಾತ್ರ ಹೋಗಿ ಹೋಗಿ ಮುಟ್ಟುತ್ತಿದ್ದೆ, ಅವರೆದುರಿಗೇ ಇನ್ನೊಂದು ಸಲ ಎಳೆಯುತ್ತಿದ್ದೆ. ಇವನ ಮೂಗಿನ ತುದಿಯಲ್ಲೇ ಕೋಪ, ಆದರೆ ಕೈ ಚಿನ್ನ ಎಂದು ತಂಡದ ಯಜಮಾನರು ಹೇಳುತ್ತಿದ್ದರು. ಆ ಚಿನ್ನದ ಮಾತು ನನ್ನ ತಲೆಗೆ ಏರಿತ್ತು, ಸುಳ್ಳು ಯಾಕೆ ಹೇಳಲಿ.

ಕಾರು ಓಡಿಸುತ್ತಿದ್ದವಳು ನನ್ನ ಅಕ್ಕನ ಮಗಳು. ಐದಡಿಯೂ ಇಲ್ಲದ ಜೀವ, ಗೀರಿದರೆ ಭಗ್ಗೆನ್ನುವ ಸ್ವಭಾವ. ಬೆಂಕಿಪೊಟ್ಟಣ ಎಂದು ಹೆಸರಿಟ್ಟವನು ನಾನೇ. ಆಮೇಲೆ ಇಡೀ ತಂಡಕ್ಕೆ ಅವಳು ಪೊಟ್ಟಣವಾದಳು. ಹನ್ನೊಂದನೇ ವಯಸ್ಸಿನಿಂದ ನನ್ನ ಗ್ಯಾರೇಜಿನಲ್ಲಿ ಬೆಳೆದವಳು. ಆರು ವರ್ಷದಿಂದ ರ‍್ಯಾಲಿ ಓಡಿಸುತ್ತಿದ್ದಳು, ಮೂರು ಸಲ ಗೆದ್ದಿದ್ದಳು, ಒಂದು ಸಲ ಕಾಲು ಮುರಿದುಕೊಂಡಿದ್ದಳು. ಈ ಸಲ ದೊಡ್ಡದೊಂದು ತಂಡದವರು ಅವಳಿಗೆ ಮಾತು ಕೊಟ್ಟಿದ್ದರು. ಈ ರ‍್ಯಾಲಿಯಲ್ಲಿ ಮೊದಲ ಮೂವರಲ್ಲಿ ಬಂದರೆ ಮುಂದಿನ ವರ್ಷ ಅವರ ಕಾರಿನಲ್ಲಿ ಜಾಗ. ಆದರೆ ಅವರು ಇಪ್ಪತ್ತೆಂಟು ತುಂಬಿದವರ ಜೊತೆ ಹೊಸದಾಗಿ ಒಪ್ಪಂದ ಮಾಡಿಕೊಳ್ಳುವುದಿಲ್ಲ. ಬರುವ ತಿಂಗಳು ಅವಳಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ಇನ್ನೊಂದು ಅವಕಾಶ ಎನ್ನುವುದು ಇರಲಿಲ್ಲ.

ಭಾನುವಾರ ಮಧ್ಯಾಹ್ನ ಒಂದೇ ಒಂದು ಹಂತ ಉಳಿದಿತ್ತು: ಗುಡ್ಡದಿಂದ ಕೆಳಕ್ಕೆ ಹತ್ತೊಂಬತ್ತು ಕಿಲೋಮೀಟರ್ ಮಣ್ಣಿನ ದಾರಿ. ಪೊಟ್ಟಣ ಎರಡನೇ ಸ್ಥಾನದಲ್ಲಿದ್ದಳು, ನಾಲ್ಕನೆಯವನು ಅವಳಿಗಿಂತ ಒಂದು ನಿಮಿಷಕ್ಕೂ ಹೆಚ್ಚು ಹಿಂದಿದ್ದ. ಅವಳ ಪಕ್ಕದಲ್ಲಿ ಕೂತು ತಿರುವುಗಳನ್ನು ಓದಿ ಹೇಳುತ್ತಿದ್ದವರು ಒಬ್ಬ ಮಾಜಿ ಗಣಿತದ ಮೇಷ್ಟ್ರು. ಅವರು ತಮ್ಮ ಪುಸ್ತಕ ಮಡಚಿ, ನಿಧಾನವಾಗಿ ಹೋದರೂ ಆಯಿತು, ಬರೀ ಕೊನೆ ಮುಟ್ಟಿದರೆ ಸಾಕು ಎಂದರು. ನಿಧಾನ ಎನ್ನುವ ಪದ ತನ್ನ ಪಠ್ಯದಲ್ಲಿ ಇರಲಿಲ್ಲವಲ್ಲ ಎಂದು ಪೊಟ್ಟಣ ನಕ್ಕಳು.

ಹಂತಕ್ಕೆ ಮುಂಚೆ ನಮಗೆ ಕಾರು ಸಿಕ್ಕುವುದು ಮೂವತ್ತು ನಿಮಿಷ. ಬೆಳಿಗ್ಗೆ ಕಲ್ಲಿಗೆ ತಗುಲಿ ಮುಂದಿನ ಎಡಚಕ್ರ ಹಿಡಿದಿಡುವ ಕೆಳಗಿನ ಆರ್ಮ್ ಬಾಗಿತ್ತು. ಹೊಸದು ಹಾಕಿದೆ. ಒಳಗಡೆ ಎರಡು ಬೋಲ್ಟು, ಅವಕ್ಕೆ ನೂರಹತ್ತು. ಹೊರಗಡೆ ಚಕ್ರದ ಹತ್ತಿರ ಒಂದು ನಟ್ಟು, ಅದಕ್ಕೆ ಅರವತ್ತೈದು. ಆ ಒಂದು ನಟ್ಟು ಬಿಚ್ಚಿಕೊಂಡರೆ ಚಕ್ರ ಮಡಚಿ ಮಲಗುತ್ತದೆ. ಟೈರಿನವನು ಬಣ್ಣದ ಪೆನ್ನು ಹಿಡಿದು ಬಂದ. ನಿನ್ನ ಗಾಳಿ ನೋಡಿಕೊ ಹೋಗು ಎಂದು ಗದರಿ ಪೆನ್ನು ಕಸಿದುಕೊಂಡೆ. ಒಳಗಿನ ಎರಡನ್ನೂ ನೂರಹತ್ತಕ್ಕೆ ಬಿಗಿದೆ. ಹೊರಗಿನ ನಟ್ಟನ್ನು ಕೈಯಿಂದ ತಿರುಗಿಸಿ ಕೂರಿಸಿದೆ. ಪೆನ್ನಿನ ಮುಚ್ಚಳ ಎರಡು ಸಲ ತೆಗೆಯಲು ಸೋಮಾರಿತನವಾಗಿ ಮೂರಕ್ಕೂ ಒಟ್ಟಿಗೇ ಗೆರೆ ಎಳೆದೆ. ಇನ್ನೇನು ವ್ರೆಂಚನ್ನು ಅರವತ್ತೈದಕ್ಕೆ ತಿರುಗಿಸಬೇಕು, ಅಷ್ಟರಲ್ಲಿ ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ಕಾಣುತ್ತಿದೆ ಎಂದು ಯಜಮಾನರು ಕೂಗಿದರು. ಆ ಕಡೆ ಉರುಳಿದೆ. ಎಣ್ಣೆ ಒರೆಸಿ ಈಚೆ ಬರುವಷ್ಟರಲ್ಲಿ ಅವರು ಮೂರು ಗೆರೆ ನೋಡಿ ಚಕ್ರ ಹಾಕಿಸಿಬಿಟ್ಟಿದ್ದರು. ಪೊಟ್ಟಣ ಹೋಗುತ್ತಾ ಕಿಟಕಿಯಿಂದ ಕೈಬೀಸಿದಳು.

ಹತ್ತು ನಿಮಿಷ ಕಳೆದ ಮೇಲೆ ಸಾಮಾನು ಎತ್ತಿಡುತ್ತಿದ್ದೆ. ವ್ರೆಂಚಿನ ಹಿಡಿ ಒರೆಸುವಾಗ ನಂಬರು ಕಣ್ಣಿಗೆ ಬಿತ್ತು. ನೂರಹತ್ತು.

ಮತ್ತೆ ನೋಡಿದೆ. ನೂರಹತ್ತೇ. ಅರವತ್ತೈದಕ್ಕೆ ಅದು ತಿರುಗಿಯೇ ಇರಲಿಲ್ಲ. ನಾನು ಆ ನಟ್ಟನ್ನು ಬಿಗಿದೇ ಇರಲಿಲ್ಲ. ನನ್ನ ಕೈಯಾರೆ, ನನ್ನ ಅಕ್ಕನ ಮಗಳನ್ನು, ಬರೀ ಬೆರಳಲ್ಲಿ ತಿರುಗಿಸಿದ ಒಂದು ನಟ್ಟಿನ ಮೇಲೆ ಕೂರಿಸಿ ಗುಡ್ಡಕ್ಕೆ ಕಳಿಸಿದ್ದೆ.

ಯಜಮಾನರಿಗೆ ಹೇಳಿದೆ. ಅವರ ಮುಖ ನೋಡುವ ಹಾಗಿರಲಿಲ್ಲ. ಮೇಷ್ಟ್ರ ಫೋನಿಗೆ ಐದು ಸಲ ಮಾಡಿದೆವು. ಗುಡ್ಡದ ಮೇಲೆ ಸಿಗ್ನಲ್ ಎಲ್ಲಿಂದ ಬರಬೇಕು. ಕೊನೆಗೆ ಯಜಮಾನರು ವ್ಯಾನಿನ ಕೀಲಿಯನ್ನು ನನ್ನ ಕೈಗೆ ತುರುಕಿ ಒಂದೇ ಮಾತು ಹೇಳಿದರು.

"ಹೋಗು. ಏನ್ ಬೇಕಾದ್ರೂ ಬಾಯಲ್ಲಿ ಹೇಳು. ಕಾರಿಗೆ ಮಾತ್ರ ಕೈ ಹಾಕ್ಬೇಡ. ನೀನು ಮುಟ್ಟಿದ್ರೆ ಅವಳು ಔಟ್."

ನಿಯಮ ಹಾಗಿದೆ. ನಮ್ಮ ಜಾಗ ಬಿಟ್ಟು ಹೊರಟ ಮೇಲೆ ಕಾರನ್ನು ಮುಟ್ಟುವ ಹಕ್ಕು ಒಳಗೆ ಕೂತ ಇಬ್ಬರಿಗೆ ಮಾತ್ರ, ಅದೂ ಕಾರಿನಲ್ಲೇ ಇರುವ ಸಲಕರಣೆಯಿಂದ. ಹೊರಗಿನವನ ಬೆರಳು ತಾಗಿದರೆ ಆಟ ಮುಗಿಯಿತು.

ಹಂತ ಶುರುವಾಗುವ ಜಾಗಕ್ಕೆ ಇಪ್ಪತ್ನಾಲ್ಕು ಕಿಲೋಮೀಟರ್. ವ್ಯಾನು ಹತ್ತುತ್ತಾ ಏದುಸಿರು ಬಿಡುತ್ತಿತ್ತು, ನಾನು ಅದರ ಜನ್ಮ ಜಾಲಾಡುತ್ತಿದ್ದೆ. ಮರದ ದಿಮ್ಮಿ ಹೇರಿದ ಲಾರಿಯೊಂದು ಮುಂದೆ ಸಿಕ್ಕಿತು. ಹಾರ್ನ್ ಒತ್ತಿದೆ, ಕೈಮುಗಿದೆ, ಬೈದೆ, ಯಾವುದಕ್ಕೂ ಅವನು ಜಗ್ಗಲಿಲ್ಲ. ಅಕ್ಕನ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ನಾವು ಊರಿಂದ ಹೊರಡುವ ದಿನ ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದ್ದಳು: ಕಾರು ನಂಬಿ ಅವಳನ್ನ ಕಳಿಸ್ತಿಲ್ಲ ಕಣೋ, ನಿನ್ನ ನಂಬಿ ಕಳಿಸ್ತಿದೀನಿ. ಅಯ್ಯೋ ಅಕ್ಕ, ಎಂಥವನನ್ನು ನಂಬಿದೆಯೇ ಎಂದು ಗಟ್ಟಿಯಾಗಿಯೇ ಅಂದುಕೊಂಡೆ. ಕಣ್ಣು ಮಂಜಾಗಿ ದಾರಿ ಕಾಣದೆ ತೋಳಿನಲ್ಲಿ ಒರೆಸಿಕೊಂಡೆ. ತಿರುವೊಂದರಲ್ಲಿ ಲಾರಿ ತುಸು ಹೊರಬದಿಗೆ ಸರಿದದ್ದೇ ಸಂದಿನಲ್ಲಿ ತೂರಿಸಿದೆ. ಕನ್ನಡಿ ಹೋಯಿತು. ಹೋಗಲಿ.

ಮೇಲೆ ಮುಟ್ಟಿದಾಗ ನಮ್ಮ ಕಾರು ಸಾಲಿನಲ್ಲಿ ನಿಂತಿತ್ತು. ಮುಂದೆ ನೂರು ಹೆಜ್ಜೆಯಲ್ಲಿ ಹಳದಿ ಫಲಕ; ಅದನ್ನು ದಾಟಿದರೆ ಓಡಿಸುವವರೂ ರಿಪೇರಿ ಮಾಡುವಂತಿಲ್ಲ. ಪೊಟ್ಟಣ ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲಿಟ್ಟು ನೀರು ಕುಡಿಯುತ್ತಿದ್ದಳು. ನನ್ನನ್ನು ನೋಡಿ ನಗಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ಮೂರು ಹೆಜ್ಜೆ ದೂರದಲ್ಲೇ ನಿಂತು ನಡೆದದ್ದು ಹೇಳಿದೆ. ಏದುಸಿರಿನಲ್ಲಿ ಎಷ್ಟು ಅರ್ಥವಾಯಿತೋ, ಮೇಷ್ಟ್ರ ಕೈಯಿಂದ ಪುಸ್ತಕ ಬಿತ್ತು. ಅವಳು ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದಳು, ಯಾವ ಕಡೆ ಎಂದು. ಎಡಗಡೆ ಎಂದೆ. ಆಗಲೇ ಡಿಕ್ಕಿ ತೆರೆದು ಜ್ಯಾಕು ಎಳೆಯುತ್ತಿದ್ದಳು.

ಮೇಷ್ಟ್ರು ಗಡಿಯಾರ ನೋಡಿ ಹನ್ನೊಂದು ನಿಮಿಷ ಎಂದರು. ಹಳದಿ ಕೋಟಿನ ಅಧಿಕಾರಿ, ನನ್ನ ವಯಸ್ಸಿನ ಹೆಂಗಸು, ಟಿಪ್ಪಣಿ ಪುಸ್ತಕ ಹಿಡಿದು ಹತ್ತಿರ ಬಂದು ನಿಂತರು. ನನ್ನ ಅಂಗಿಯ ಮೇಲಿನ ತಂಡದ ಹೆಸರು ನೋಡಿ, ನಿಯಮ ಗೊತ್ತಲ್ಲವೇ ಎಂದು ಮೆತ್ತಗೆ ಕೇಳಿದರು. ಗೊತ್ತು ಎಂದು ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಚಕ್ರ ಬಿಚ್ಚಿದಳು. ನನ್ನ ಹಳದಿ ಗೆರೆ ಅಲ್ಲಿ ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಹತ್ತೊಂಬತ್ತನೇ ಸೈಜಿನ ಸ್ಪ್ಯಾನರ್ ಹಾಕಿ ಎಳೆದಳು. ನಟ್ಟು ಹೆಚ್ಚುಕಡಿಮೆ ಒಂದು ಸುತ್ತು ಸಲೀಸಾಗಿ ತಿರುಗಿತು. ಒಂದು ಸುತ್ತು. ಮೇಷ್ಟ್ರು ಕಾರಿಗೆ ಒರಗಿ ನಿಂತರು. ಪೊಟ್ಟಣ ತಲೆ ಎತ್ತಿ ನನ್ನನ್ನು ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಬಿಗಿಯಲು ತೊಡಗಿದಳು. ಅವರ ಚೀಲದಲ್ಲಿ ಇದ್ದದ್ದು ಗಿಡ್ಡ ಸ್ಪ್ಯಾನರ್, ಟಕ್ ಎನ್ನುವ ವ್ರೆಂಚಲ್ಲ. ಕಡಿಮೆಯಾದರೆ ಬಿಚ್ಚುತ್ತದೆ, ಹೆಚ್ಚಾದರೆ ನಟ್ಟಿನೊಳಗಿನ ತಿರುಪಿನ ಎಳೆ ಹರಿದು ಇನ್ನೂ ಬೇಗ ಬಿಚ್ಚುತ್ತದೆ. ಕಾಲು ಊರಿ ಎಳೆ ಎಂದೆ, ಊರಿದಳು. ಸೊಂಟದಿಂದ ಎಳೆ ಎಂದೆ, ಎಳೆದಳು. ಮುಖ ಕೆಂಪಾಯಿತು, ಕುತ್ತಿಗೆಯ ನರ ಎದ್ದಿತು. ಇನ್ನೊಂದು ಸಲ ಎಂದೆ. ಮೇಷ್ಟ್ರು ಆರು ಎಂದರು. ಇನ್ನೊಂದು ಸಲ ಎಂದೆ.

"ಕೂತಿದೆ ಮಾಮ. ಇನ್ನು ಎಳೆದ್ರೆ ಎಳೆ ಹೋಗುತ್ತೆ."

"ಅರವತ್ತೈದು ಆಯ್ತು ಅಂತ ನಿಂಗೆ ಹೇಗೆ ಗೊತ್ತು?"

"ನಿನ್ನ ಕೈ ನೋಡಿ ಕಲ್ತ ಕೈ ಇದು."

ಅವಳ ಮಾತು ಸುಳ್ಳಲ್ಲ. ಹದಿನಾರು ವರ್ಷ ನನ್ನ ಪಕ್ಕದಲ್ಲಿ ಕೂತು ನೋಡಿದ್ದಾಳೆ. ಆದರೆ ಆ ಹದಿನಾರು ವರ್ಷದಲ್ಲಿ ಒಂದೇ ಒಂದು ನಟ್ಟನ್ನೂ ಕೊನೆಯ ಬಿಗಿಗೆ ಅವಳ ಕೈಗೆ ಬಿಟ್ಟವನಲ್ಲ ನಾನು. ಆ ಕೈ ನೋಡಿದೆ. ಎಷ್ಟು ಚಿಕ್ಕ ಕೈ, ಎಣ್ಣೆಯಲ್ಲಿ ಅದ್ದಿದ ಹಾಗಿತ್ತು. ಕೆಳಗೆ ದಾರಿ ಮೊದಲ ತಿರುವಿನಲ್ಲೇ ಮರೆಯಾಗುತ್ತಿತ್ತು. ಒಂಬತ್ತನೇ ಕಿಲೋಮೀಟರಿನಲ್ಲಿ ನೇರ ದಾರಿಯಿದೆ, ಅಲ್ಲಿ ಅವಳು ನೂರಎಪ್ಪತ್ತು ಮುಟ್ಟುತ್ತಾಳೆ, ಅದರ ತುದಿಗೆ ಎಡಕ್ಕೆ ತಿರುವು, ಬಲಕ್ಕೆ ಪ್ರಪಾತ. ತಿರುವಿನಲ್ಲಿ ಚಕ್ರ ಮಡಚುವುದನ್ನು ನಿಂತ ನಿಲುವಿನಲ್ಲೇ ಕಂಡೆ. ಕಣ್ಣು ಮುಚ್ಚಿದರೂ ಕಂಡೆ.

"ನಾಲ್ಕು ನಿಮಿಷ" ಎಂದರು ಮೇಷ್ಟ್ರು. ಅವಳು ಸ್ಪ್ಯಾನರನ್ನು ನೆಲಕ್ಕಿಟ್ಟು ಚಕ್ರ ಎತ್ತಿದಳು.

ಯೋಚನೆ ಮಾಡಿ ಮಾಡಿದೆ ಎಂದು ಹೇಳಲಾರೆ. ಕೈ ಜೇಬಿನಿಂದ ಬಂದದ್ದು ನನಗೆ ತಿಳಿಯಲಿಲ್ಲ. ಮಂಡಿಯೂರಿದೆ, ಸ್ಪ್ಯಾನರ್ ಎತ್ತಿದೆ, ನಟ್ಟಿಗೆ ಹಾಕಿದೆ. ಯಾರೋ ಮಾಮ ಎಂದರು, ಬೇಡ ಮಾಮ ಎಂದರು. ಎಳೆದೆ.

ನಟ್ಟು ಅಲುಗಲಿಲ್ಲ.

ಮತ್ತೆ ಎಳೆದೆ, ಇಪ್ಪತ್ತಾರು ವರ್ಷದ ಕೈಯಲ್ಲಿ, ತೂಗಿ ನೋಡುವ ಹಾಗೆ. ಅರವತ್ತೈದೇ ಇತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾನೇ ಬಿಗಿದಿದ್ದರೂ ಅದಕ್ಕಿಂತ ಚೆನ್ನಾಗಿ ಕೂರುತ್ತಿರಲಿಲ್ಲ.

ಹಳದಿ ಕೋಟಿನ ಅಧಿಕಾರಿ ಒಂದು ಗಳಿಗೆ ಬೇರೆ ಕಡೆ ನೋಡಿದರು. ಬೇರೆ ಯಾರೂ ನೋಡಿರದಿದ್ದರೆ ಅವರೂ ನೋಡದ ಹಾಗೆ ಇದ್ದುಬಿಡುತ್ತಿದ್ದರೇನೋ. ಆದರೆ ಹಿಂದಿನ ಕಾರಿನ ಇಬ್ಬರೂ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ಅಧಿಕಾರಿ ಪುಸ್ತಕ ತೆರೆದು ನಮ್ಮ ಕಾರಿನ ನಂಬರು ಬರೆದುಕೊಂಡರು, ಸಮಯ ಬರೆದುಕೊಂಡರು, ಕ್ಷಮಿಸಿ ಎಂದರು. ಮೇಷ್ಟ್ರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ದಾರಿಯ ಅಂಚಿಗೆ ಹೋಗಿ ಕೂತರು.

ಪೊಟ್ಟಣ ಚಕ್ರವನ್ನು ಅಪ್ಪಿಕೊಂಡೇ ನಿಂತಿದ್ದಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಆ ಗಿಡ್ಡ ಸ್ಪ್ಯಾನರನ್ನೇ ಎತ್ತಿ ತಲೆಗೆ ಬಿಡುತ್ತಾಳೆ ಎಂದು ಕಾದೆ. ಹಾಗೆ ಮಾಡಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವಳು ನಟ್ಟಿನ ಕಡೆ ನೋಡಿ ಕೇಳಿದಳು.

"ತಿರುಗ್ತಾ?"

ಒಂದು ಸುಳ್ಳು ನಾಲಗೆಯ ತುದಿಗೆ ಬಂದು ನಿಂತಿತ್ತು. ಅರ್ಧ ಸುತ್ತು ತಿರುಗಿತು ಕಣೇ, ನಾನು ಮುಟ್ಟದಿದ್ದರೆ ನೀನು ಪ್ರಪಾತದಲ್ಲಿರುತ್ತಿದ್ದೆ ಎಂದರೆ ಸಾಕಿತ್ತು. ಅವಳು ನಂಬುತ್ತಿದ್ದಳು. ಅಕ್ಕ ನನಗೆ ಕೈಮುಗಿಯುತ್ತಿದ್ದಳು. ಮಾವ ಪ್ರಾಣ ಉಳಿಸಿದ ಎಂದು ಊರೆಲ್ಲ ಹೇಳುತ್ತಿತ್ತು. ಬದಲಿಗೆ ಇವಳು, ತನ್ನ ಕೈಗೆ ಅಷ್ಟೂ ಬರುವುದಿಲ್ಲ ಎಂದುಕೊಂಡು ಉಳಿದ ಆಯುಸ್ಸು ಬದುಕುತ್ತಿದ್ದಳು. ಈ ಒಂದೇ ಮಧ್ಯಾಹ್ನದಲ್ಲಿ ಅವಳಿಂದ ಎಷ್ಟು ಕಿತ್ತುಕೊಂಡಿದ್ದೆನೋ ಅಷ್ಟು ಸಾಲದೇ.

"ಇಲ್ಲ" ಎಂದೆ. "ಕೂದಲೆಳೆಯಷ್ಟೂ ತಿರುಗಲಿಲ್ಲ. ನೀನು ಸರಿಯಾಗೇ ಬಿಗಿದಿದ್ದೆ."

ತಲೆ ಆಡಿಸಿದಳು. ಇದು ತನಗೆ ಗೊತ್ತಿದ್ದದ್ದೇ ಎನ್ನುವ ಹಾಗೆ. ನಮ್ಮ ಹಿಂದಿದ್ದ ಕಾರು ಪಕ್ಕದಿಂದ ಸರಿದು ಹಳದಿ ಫಲಕ ದಾಟಿ ಮುಂದೆ ಹೋಯಿತು. ಅದರ ಧೂಳು ನಮ್ಮಿಬ್ಬರ ಮೇಲೆ ಬಿತ್ತು. ಅವಳು ಅದು ಹೋಗುವವರೆಗೆ ನೋಡಿದಳು, ಆಮೇಲೆ ಚಕ್ರವನ್ನು ನನ್ನ ಮುಂದೆ ನೆಲಕ್ಕೆ ಬಿಟ್ಟಳು.

"ಚಕ್ರ ನೀನೇ ಹಾಕು ಮಾಮ" ಎಂದಳು. "ಈಗ ಯಾರೂ ಬೇಡ ಅನ್ನಲ್ಲ."

ಹೆಲ್ಮೆಟ್ ತೆಗೆದುಕೊಂಡು ಮೇಷ್ಟ್ರ ಪಕ್ಕದಲ್ಲಿ, ನನಗೆ ಬೆನ್ನು ಮಾಡಿ ಹೋಗಿ ಕೂತಳು. ನಾನು ಚಕ್ರ ಎತ್ತಿದೆ.